ಮಡಿಲಲ್ಲಿ ಬೆಕ್ಕು, ಮೂಗಿನಲ್ಲಿ ನೀರು

ಮನೆಯಿಂದ ಹೊರಗೆ ಅಡಿಯಿಡುವವರನ್ನು ಹೊಸ್ತಿಲಲ್ಲಿಯೇ ತಡೆದು ನಿಲ್ಲಿಸುವ ಅಧಿಕಾರ ಹಳೆಯ ಕಾಲದ ಹಿರಿಯರ ಲೆಕ್ಕದಲ್ಲಿ ಎರಡು ಅಲ್ಪ ಸಂಗತಿಗಳಿಗೆ ಇದ್ದಿತು. ಒಂದು, ಅಡ್ಡ ಹಾಯುವ ಬೆಕ್ಕು. ಇನ್ನೊಂದು, ಒಂಟಿ ಸೀನು. ಬೆಕ್ಕು ಅಡ್ಡ ಬಂದರೆ ಹಿಂದಿರುಗಿ ಬಂದು, ಗಳಿಗೆ ಹೊತ್ತು ಕುಳಿತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕು. ಯಾರಾದರೂ ಸೀನಿದರೂ ಅದೇ ಪರಿಹಾರ. ಈ ಎರಡು ಅಪಶಕುನಗಳೂ ಒಂದೇ ಸೂರಿನ ಕೆಳಗೆ ವಾಸ ಮಾಡುತ್ತ, ಮೊದಲನೆಯದರ ದೆಸೆಯಿಂದಲೇ ಎರಡನೆಯದು ಹುಟ್ಟುತ್ತಿದ್ದರೆ ಆ ಮನೆಯ ಯಜಮಾನರು ಹೊತ್ತಿಗೆ ಸರಿಯಾಗಿ ಕಚೇರಿ ಸೇರುವುದೆಂತು?

ಅಂಥ ಮನೆ ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಇರಬಹುದು. ಬಸವನಗುಡಿಯಲ್ಲಿದೆ ಎಂದಿಟ್ಟುಕೊಂಡರೆ ತಪ್ಪಿಲ್ಲ. ಯಜಮಾನರು ವಿಮಾ ಕಚೇರಿಯೊಂದರಲ್ಲಿ ಅಧಿಕಾರಿಗಳು. ಅವರ ಪತ್ನಿ ಹೈಸ್ಕೂಲಿನಲ್ಲಿ ಗಣಿತದ ಉಪಾಧ್ಯಾಯಿನಿ. ಎಪ್ಪತ್ತು ದಾಟಿದ ತಾಯಿ, ಹನ್ನೊಂದು ವರ್ಷದ ಮಗಳು, ಇವರಿಷ್ಟು ಜನರ ಮೇಲೆ ಗುಂಡ. ಮೂರು ವರ್ಷದ ಕೆಳಗೆ ಆಷಾಢದ ಮಳೆಯಲ್ಲಿ ತೊಯ್ದು ಹಿತ್ತಲ ಕಾಂಪೌಂಡಿನ ಮೇಲೆ ನಡುಗುತ್ತಿದ್ದ ಮರಿಗೆ ಅಜ್ಜಿ ಕರಟದಲ್ಲಿ ನಾಲ್ಕು ಹನಿ ಹಾಲು ಹಾಕಿದರು. ಮರುದಿನ ಹಾಲಿನೊಡನೆ ಅನ್ನ ಬಂದಿತು. ಮೂರನೆಯ ದಿನ ಕರಟ ಹೋಗಿ ಸ್ಟೀಲಿನ ತಟ್ಟೆ ಬಂದಿತು. ತಿಂಗಳು ಕಳೆಯುವುದರೊಳಗೆ ಮೊಮ್ಮಗಳ ಗೋದಡಿಯ ಮಡಿಕೆಯಲ್ಲಿ ಗುಂಡನ ಶಯನವೂ ನಿಶ್ಚಯವಾಯಿತು. ಬೆಕ್ಕುಗಳು ಮನೆಯನ್ನು ಗೆಲ್ಲುವ ಕ್ರಮವೇ ಹೀಗೆ. ದಂಡೆತ್ತಿ ಬರುವುದಿಲ್ಲ, ಒಳಗೆ ಬಂದ ಮೇಲೆ ಕೋಟೆ ತಮ್ಮದೆಂದು ತಿಳಿಸುತ್ತವೆ.

ಆ ವರ್ಷದಿಂದಲೇ ಯಜಮಾನರ ಸೀನುಗಳೂ ಊರ್ಜಿತಕ್ಕೆ ಬಂದವು. ಬೆಳಗ್ಗೆ ಹಾಸಿಗೆಯಿಂದ ಎದ್ದೊಡನೆ ಏಳೆಂಟು ಸೀನು, ಕಾಫಿಯ ಲೋಟ ಕೈಗೆ ಬರುವ ಹೊತ್ತಿಗೆ ಮೂಗಿನಿಂದ ನೀರು, ಕಣ್ಣು ಕೆಂಪು. ಮೆಣಸಿನ ಕಷಾಯವಾಯಿತು, ಶುಂಠಿಯಾಯಿತು, ಹಬೆ ತೆಗೆದುಕೊಂಡದ್ದಾಯಿತು. ಬಳಿಕ ಸಂದೇಹ ಗುಂಡನ ಮೇಲೆ ತಿರುಗಿತು. ವಿಚಿತ್ರವೆಂದರೆ, ಇಡೀ ಮನೆಯಲ್ಲಿ ಗುಂಡನಿಗೆ ಅತ್ಯಂತ ಪ್ರಿಯವಾದ ಆಸನ ಯಜಮಾನರ ಮಡಿಲೇ ಆಗಿದ್ದಿತು. ತಮ್ಮನ್ನು ಕಂಡು ಮುಖ ಸಿಂಡರಿಸುವವರ ಬಳಿಗೇ ಬೆಕ್ಕುಗಳು ಹೋಗುತ್ತವೆಂದು ಅನೇಕರು ದೂರುವುದುಂಟು. ಬೆಕ್ಕನ್ನು ಮುದ್ದಿಸುವವರು ಅದನ್ನು ಎತ್ತುತ್ತಾರೆ, ಹಿಡಿಯುತ್ತಾರೆ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ. ಬೇಡವೆನ್ನುವವರು ಅಲ್ಲಾಡದೆ ಬೇರೆಡೆಗೆ ಮುಖ ತಿರುಗಿಸಿ ಕುಳಿತಿರುತ್ತಾರೆ. ಬೆಕ್ಕಿನ ನೀತಿಶಾಸ್ತ್ರದಲ್ಲಿ ಎರಡನೆಯವರೇ ಸಭ್ಯರು.

ಮನೆಯಲ್ಲಿ ಪಂಚಾಯಿತಿ ಸೇರಿತು. ಗೋಣಿಚೀಲದಲ್ಲಿ ಹಾಕಿ ಮಾರುಕಟ್ಟೆಯ ಬಳಿ ಬಿಟ್ಟು ಬರುವ ಮಾತನ್ನು ನೆರೆಮನೆಯವರು ಎತ್ತಿದಾಗ ಅಜ್ಜಿ ಕಿವಿ ಮುಚ್ಚಿಕೊಂಡರು. ಬೆಕ್ಕನ್ನು ಕೊಂದ ಪಾಪಕ್ಕೆ ಚಿನ್ನದ ಬೆಕ್ಕನ್ನು ಮಾಡಿಸಿ ದಾನ ಕೊಡಬೇಕೆಂಬ ಮಾತು ಅವರ ಕಾಲದ ಹೆಂಗಸರಿಗೆಲ್ಲ ಗೊತ್ತು. ಚಿನ್ನದ ಈಗಿನ ಬೆಲೆಯಲ್ಲಿ ಅದೇ ಸಾಕಷ್ಟು ದೊಡ್ಡ ರಕ್ಷಣೆ. ಅಜ್ಜಿಗೆ ತಿಳಿಯದಿದ್ದ ಇನ್ನೊಂದು ರಕ್ಷಣೆಯೂ ಉಂಟು: ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ಹಸಿವು ನೀರಡಿಕೆಗಳಿಂದ ನರಳುವಂತೆ ಬಿಟ್ಟುಹೋಗುವುದು ೧೯೬೦ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯ ಮೇರೆಗೆ ಅಪರಾಧ. ಕೊನೆಗೆ ಒಂದು ರಾಜಿಯಾಯಿತು. ಕೆಂಗೇರಿಯ ನೆಂಟರ ಮನೆಗೆ ಗುಂಡನನ್ನು ಹದಿನೈದು ದಿನಗಳ ಮಟ್ಟಿಗೆ ಕಳುಹಿಸುವುದು. ಸೀನು ನಿಂತರೆ ಅದೇ ಅಪರಾಧಿ, ನಿಲ್ಲದಿದ್ದರೆ ನಿರಪರಾಧಿ.

ಹದಿನೈದು ದಿನ ಕಳೆಯಿತು. ಸೀನು ನಿಲ್ಲಲಿಲ್ಲ. ಗುಂಡ ದೋಷಮುಕ್ತವಾಗಿ, ನೆಂಟರ ಮನೆಯ ಮೀನಿನೂಟದಿಂದ ಮೈ ತುಂಬಿಕೊಂಡು, ಆಟೋರಿಕ್ಷಾದಲ್ಲಿ ಮರಳಿ ಬಂದಿತು. ಮಗಳು ಅದನ್ನು ಅಪ್ಪಿಕೊಂಡು ಒಳಗೆ ಓಡಿದಳು. ನ್ಯಾಯ ದೊರಕಿತೆಂದು ಎಲ್ಲರೂ ಭಾವಿಸಿದರು.

ಆ ವಿಚಾರಣೆಯ ಕ್ರಮ ಸರಿಯಾಗಿರಲಿಲ್ಲ. ಅದು ಏಕೆಂದು ತಿಳಿಯಬೇಕಾದರೆ ಸೀನಿಗೆ ಮೂಲವಾದ ವಸ್ತು ಯಾವುದೆಂಬುದನ್ನು ಮೊದಲು ನೋಡಬೇಕು.

ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಉಬ್ಬಸ ಬರುತ್ತದೆಂದು ಮನೆಗಳಲ್ಲಿ ಹೇಳುವುದುಂಟು. ಬೆಕ್ಕಿನ ಮೇಲಿನ ಗುಮಾನಿ ಸರಿ, ಕೂದಲಿನ ಮೇಲಿನದು ತಪ್ಪು. ಬೆಕ್ಕಿನ ಎಂಜಲಿನಲ್ಲಿಯೂ ಚರ್ಮದ ಜಿಡ್ಡಿನ ಗ್ರಂಥಿಗಳಲ್ಲಿಯೂ ಉತ್ಪತ್ತಿಯಾಗುವ ಒಂದು ಪ್ರೋಟೀನು ಇದೆ. ಫೆಲಿಸ್ ಡೊಮೆಸ್ಟಿಕಸ್ ಎಂಬ ಬೆಕ್ಕಿನ ಶಾಸ್ತ್ರೀಯ ನಾಮದಿಂದ ಅಕ್ಷರಗಳನ್ನು ಆಯ್ದು ವಿಜ್ಞಾನಿಗಳು ಅದನ್ನು ‘ಫೆಲ್ ಡಿ ೧’ ಎಂದು ಕರೆದಿದ್ದಾರೆ. ಬೆಕ್ಕಿನ ಅಲರ್ಜಿ ಉಳ್ಳವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರ ದೇಹ ಮುನಿಯುವುದು ಇದರ ಮೇಲೆಯೇ. ಬೆಕ್ಕು ಶುಚಿಗೆ ಹೆಸರಾದ ಪ್ರಾಣಿ. ಹೊತ್ತಿಗೊಮ್ಮೆ ಕುಳಿತು ಮೈಯೆಲ್ಲ ನೆಕ್ಕಿಕೊಳ್ಳುತ್ತದೆ. ನೆಕ್ಕಿದ ಎಂಜಲು ಒಣಗುತ್ತದೆ, ಚರ್ಮದ ಸೂಕ್ಷ್ಮವಾದ ಹೊಟ್ಟಿನೊಡನೆ ಉದುರುತ್ತದೆ. ಆ ಕಣಗಳಲ್ಲಿ ಅನೇಕವು ಎಷ್ಟು ಚಿಕ್ಕವೆಂದರೆ, ನೆಲಕ್ಕೆ ಇಳಿಯದೆ ಗಂಟೆಗಟ್ಟಲೆ ಗಾಳಿಯಲ್ಲಿಯೇ ತೇಲುತ್ತಿದ್ದು, ಉಸಿರಿನೊಡನೆ ಶ್ವಾಸನಾಳದ ಒಳಕ್ಕೂ ಹೋಗಬಲ್ಲವು. ಕೂದಲಿಲ್ಲದ ಬೆಕ್ಕಿಗೂ ನಾಲಿಗೆ ಇದೆ, ಚರ್ಮವಿದೆ. ಆದಕಾರಣ ‘ಅಲರ್ಜಿಯಾಗದ ತಳಿ’ ಎಂದು ಸಾವಿರಾರು ರೂಪಾಯಿಗೆ ಬೆಕ್ಕು ಮಾರುವವರ ಮಾತನ್ನು ನಂಬುವ ಮೊದಲು ಜೇಬಿನ ಮೇಲೆ ಕೈಯಿಟ್ಟುಕೊಳ್ಳುವುದು ಲೇಸು.

ಈ ಪ್ರೋಟೀನು ಬಲು ಅಂಟುಗುಣದ್ದು. ಹಾಸಿಗೆ, ದಿಂಬು, ಸೋಫಾ, ಪರದೆ, ಗೋಡೆ ಎಲ್ಲಕ್ಕೂ ಅಂಟುತ್ತದೆ. ಉಟ್ಟ ಬಟ್ಟೆಯ ಮೇಲೆ ಕುಳಿತು ಶಾಲೆಗೂ ಕಚೇರಿಗೂ ಪ್ರಯಾಣ ಮಾಡುತ್ತದೆ. ಬೆಕ್ಕನ್ನು ಎಂದೂ ಸಾಕದ ಮನೆಗಳ ದೂಳಿನಲ್ಲಿಯೂ ಅದು ದೊರೆತಿದೆ. ಮನೆಯಿಂದ ಬೆಕ್ಕನ್ನು ಕಳುಹಿಸಿದ ಮೇಲೆ, ಬೆಕ್ಕಿಲ್ಲದ ಮನೆಯ ಮಟ್ಟಕ್ಕೆ ಅದರ ಪ್ರಮಾಣ ಇಳಿಯಬೇಕಾದರೆ ಸಾಮಾನ್ಯವಾಗಿ ನಾಲ್ಕು ತಿಂಗಳಾದರೂ ಬೇಕು. ಆರು ತಿಂಗಳಾದರೂ ಆಶ್ಚರ್ಯವಿಲ್ಲ. ಕೆಂಗೇರಿಯ ಹದಿನೈದು ದಿನಗಳಿಂದ ಏನು ತಾನೆ ಸಿದ್ಧವಾದೀತು? ಆರೋಪಿ ಊರು ಬಿಟ್ಟಿದ್ದರೂ ಅದರ ನೆರಳು ಗೋದಡಿಯಲ್ಲಿ ಮಲಗಿಯೇ ಇದ್ದಿತು.

ಮನುಷ್ಯನಿಗೂ ಬೆಕ್ಕಿಗೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ಸೈಪ್ರಸ್ ದ್ವೀಪದಲ್ಲಿ ಸುಮಾರು ೯,೫೦೦ ವರ್ಷಗಳಷ್ಟು ಹಿಂದಿನ ಒಂದು ಸಮಾಧಿಯಲ್ಲಿ ಮನುಷ್ಯನ ಅಸ್ಥಿಪಂಜರದ ಪಕ್ಕದಲ್ಲಿಯೇ ಬೆಕ್ಕಿನ ಅಸ್ಥಿಪಂಜರ ದೊರೆತ ವಿಷಯ ೨೦೦೪ರಲ್ಲಿ ಪ್ರಕಟವಾಯಿತು. ಕಣಜದ ಕಾಳಿಗೆ ಇಲಿ ಬಂದಿತು, ಇಲಿಗಾಗಿ ಬೆಕ್ಕು ಬಂದಿತು. ವಿಜಯನಗರದ ಇಲಿಗಳ ಕಾಟವನ್ನು ಅಡಗಿಸಲು ಮನೆಮನೆಗೆ ಬೆಕ್ಕನ್ನು ಹಂಚಿದ ರಾಜನನ್ನೂ, ಬಿಸಿ ಹಾಲು ಕುಡಿಸಿ ತನ್ನ ಬೆಕ್ಕಿಗೆ ಹಾಲೆಂದರೆ ಓಡುವಂತೆ ಮಾಡಿದ ತೆನಾಲಿ ರಾಮಕೃಷ್ಣನನ್ನೂ ಅರಿಯದ ಮಕ್ಕಳು ಕನ್ನಡನಾಡಿನಲ್ಲಿ ವಿರಳ. ಇಷ್ಟು ಹಳೆಯ ನಂಟಿನ ನಡುವೆ ಕೆಲವರ ದೇಹಗಳು ಮಾತ್ರ ಬೆಕ್ಕಿನೊಡನೆ ಏಕೆ ಜಗಳವಾಡುತ್ತವೆಂಬುದು ತಿಳಿದದ್ದು ತೀರ ಈಚೆಗೆ. ಲಂಡನ್ನಿನ ವೈದ್ಯ ಹೆನ್ರಿ ಹೈಡ್ ಸಾಲ್ಟರ್ ಸ್ವತಃ ಉಬ್ಬಸದ ರೋಗಿ. ಆತ ೧೮೬೦ರಲ್ಲಿ ಉಬ್ಬಸವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಬೆಕ್ಕಿನ ಸಾಮೀಪ್ಯದಿಂದ ಏಳುವ ಉಬ್ಬಸದ ವರ್ಣನೆ ಇದೆ. ಆದರೆ ಕಾರಣ ಹೇಳುವ ಶಾಸ್ತ್ರ ಆಗ ಇರಲಿಲ್ಲ. ‘ಅಲರ್ಜಿ’ ಎಂಬ ಪದವನ್ನೇ ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಟಂಕಿಸಿದ್ದು ೧೯೦೬ರಲ್ಲಿ. ರಕ್ತದಲ್ಲಿರುವ ಯಾವ ವಸ್ತು ಈ ಜಗಳಕ್ಕೆ ಕಾರಣವೆಂಬುದನ್ನು ಜಪಾನಿನ ದಂಪತಿಗಳಾದ ಕಿಮಿಶಿಗೆ ಮತ್ತು ತೆರುಕೊ ಇಶಿಜಾಕಾ ಅವರು ಅಮೆರಿಕದ ಡೆನ್ವರ್ ನಗರದಲ್ಲಿ ೧೯೬೬ರಲ್ಲಿ ತೋರಿಸಿಕೊಟ್ಟರು. ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಬೇರೊಂದು ದಾರಿಯಿಂದ ಅದೇ ವಸ್ತುವನ್ನು ತಲುಪಿದರು. ಅದಕ್ಕೆ ಐಜಿಇ ಎಂದು ಹೆಸರಾಯಿತು. ಕ್ರಿಮಿಗಳ ಮೇಲೆ ಬಿಡಬೇಕಾದ ಕಾವಲುನಾಯಿಯನ್ನು ದೇಹವು ನಿರಪಾಯವಾದ ಬೆಕ್ಕಿನ ಎಂಜಲಿನ ಮೇಲೆ ಬಿಟ್ಟಂತೆ ಇದು. ಮೂಗಿನಲ್ಲಿ ಆ ರಂಪ ನಡೆದರೆ ಸೀನು, ನೀರು, ತುರಿಕೆ. ಎದೆಯ ಗಾಳಿಕೊಳವೆಗಳಲ್ಲಿ ನಡೆದರೆ ಅವು ಬಿಗಿದು, ಊದಿಕೊಂಡು, ಗೂರಲು.

ಮೂಗು ಗದ್ದಲದ ಅವಯವ. ಅದಕ್ಕೆ ಆದ ಅನ್ಯಾಯ ಬೀದಿಗೆ ಕೇಳಿಸುತ್ತದೆ. ಎದೆ ಹಾಗಲ್ಲ.

ಉಪಾಧ್ಯಾಯಿನಿಯವರು ಒಂದು ರಾತ್ರಿ ಉತ್ತರಪತ್ರಿಕೆಗಳ ಕಟ್ಟನ್ನು ತಿದ್ದಿ ಮುಗಿಸಿ ದೀಪ ಆರಿಸಲು ಹೊರಟಾಗ ಮಗಳ ಕೋಣೆಯಿಂದ ಒಂದು ಸಣ್ಣ ಸದ್ದು ಬಂದಿತು. ಗುಂಡನ ಗುರುಗುಟ್ಟುವಿಕೆ ಎಂದು ಅವರು ಮೊದಲು ತಿಳಿದರು. ಬಾಗಿಲು ತೆರೆದು ನೋಡಿದರೆ ಮಗಳು ಹಾಸಿಗೆಯ ಮೇಲೆ ಕುಳಿತಿದ್ದಾಳೆ. ಬಾಯಿಗೆ ದಿಂಬು ಒತ್ತಿಕೊಂಡು ಕೆಮ್ಮನ್ನು ನುಂಗುತ್ತಿದ್ದಾಳೆ. ಸಣ್ಣ ಸೀಟಿಯ ಸದ್ದು ಅವಳ ಎದೆಯಿಂದ ಬರುತ್ತಿದೆ. ಮಡಿಲಲ್ಲಿ ಗುಂಡ ಸುಖನಿದ್ರೆಯಲ್ಲಿದೆ.

“ಎಷ್ಟು ದಿನದಿಂದ ಹೀಗೆ?” ಎಂದು ತಾಯಿ ಕೇಳಿದರು.

ಹುಡುಗಿ ಮಾತನಾಡಲಿಲ್ಲ.

ಶ್ರಾವಣದ ಒಂದು ಶನಿವಾರ ಅಜ್ಜಿಯೂ ಸೇರಿ ಮನೆಮಂದಿಯೆಲ್ಲ ಅಲರ್ಜಿಯ ವೈದ್ಯೆಯ ಮುಂದೆ ಕುಳಿತರು. ತಂದೆ ಮಗಳಿಬ್ಬರ ಮುಂಗೈಗಳ ಮೇಲೆ ಸಾಲಾಗಿ ದ್ರಾವಣದ ಹನಿಗಳನ್ನಿಟ್ಟು, ಪ್ರತಿಯೊಂದು ಹನಿಯ ಮೂಲಕ ಚರ್ಮವನ್ನು ಸೂಜಿಮೊನೆಯಿಂದ ತುಸುವೇ ಚುಚ್ಚಿದರು. ಬೆಕ್ಕಿನದೊಂದು, ಹಾಸಿಗೆಯ ದೂಳಿನ ನುಸಿಯದೊಂದು, ಜಿರಲೆಯದೊಂದು, ಪಾರ್ಥೇನಿಯಂ ಮೊದಲಾದ ಪರಾಗಗಳವು ಕೆಲವು. ಹೋಲಿಕೆಗಾಗಿ ಬರಿಯ ಲವಣದ್ರಾವಣದ್ದೊಂದು, ಹಿಸ್ಟಮಿನ್ನಿನದೊಂದು. ಕಾಲು ಗಂಟೆಯಲ್ಲಿ, ಒಗ್ಗದ ಹನಿ ಯಾವುದೋ ಅಲ್ಲಿ ಸೊಳ್ಳೆ ಕಚ್ಚಿದಂತೆ ದದ್ದು ಏಳುತ್ತದೆ. ಸೀನಿನ ಮಾತ್ರೆಗಳನ್ನು ಕೆಲವು ದಿನ ಮುಂಚೆಯೇ ನಿಲ್ಲಿಸಿ ಬರಬೇಕು. ಇಲ್ಲವಾದರೆ ದದ್ದು ಏಳದೆ ಪರೀಕ್ಷೆ ಸುಳ್ಳಾಡುತ್ತದೆ. ಯಜಮಾನರ ತೋಳಿನ ಮೇಲೆ ನುಸಿಯ ಹನಿ ಉಬ್ಬಿತು. ಬೆಕ್ಕಿನದು ಏಳಲೇ ಇಲ್ಲ. ಮಗಳ ತೋಳಿನ ಮೇಲೆ ಬೆಕ್ಕಿನ ಹನಿ ನಾಲ್ಕಾಣೆಯ ಬಿಲ್ಲೆಯಷ್ಟು ಉಬ್ಬಿ ಕೆಂಪೇರಿತು.

ಮೂರು ವರ್ಷದಿಂದ ದೂರು ಕೊಡುತ್ತ ಬಂದವರಿಗೂ ಬೆಕ್ಕಿಗೂ ಸಂಬಂಧವೇ ಇಲ್ಲ. ಬಾಯಿ ಬಿಡದಿದ್ದವಳೇ ಬಾಧಿತಳು.

ವೈದ್ಯೆ ಹುಡುಗಿಯ ಕೈಗೆ ಒಂದು ಕೊಳವೆಯನ್ನು ಕೊಟ್ಟು ಬಲವಾಗಿ ಊದಿಸಿದರು. ಮುಳ್ಳು ೨೧೦ಕ್ಕೆ ನಿಂತಿತು. ಇನ್‌ಹೇಲರಿನಿಂದ ಔಷಧವನ್ನು ಎಳೆಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದಿಸಿದಾಗ ೨೬೫ಕ್ಕೆ ಏರಿತು. ಔಷಧಕ್ಕೆ ಕೊಳವೆಗಳು ಇಷ್ಟು ತೆರೆದುಕೊಂಡವೆಂದರೆ ಅವು ಅದುವರೆಗೆ ಬಿಗಿದಿದ್ದವೆಂದೇ ಅರ್ಥ.

“ರಾತ್ರಿ ಎದ್ದು ಕೂರುವುದನ್ನು ಅಮ್ಮನಿಗೆ ಯಾಕಮ್ಮ ಹೇಳಲಿಲ್ಲ?” ಎಂದು ವೈದ್ಯೆ ಕೇಳಿದರು.

“ಹೇಳಿದರೆ ಗುಂಡನನ್ನು ಮತ್ತೆ ಕೆಂಗೇರಿಗೆ ಕಳುಹಿಸುತ್ತಾರೆ.”

ಅಲ್ಲಿದ್ದ ನಾಲ್ವರು ದೊಡ್ಡವರಲ್ಲಿ ಯಾರೂ ತತ್‌ಕ್ಷಣ ಮಾತನಾಡಲಿಲ್ಲ. ಬೆಕ್ಕು ಸಾಕಿದ ಮನೆಗಳಲ್ಲಿ ಈ ಮುಚ್ಚುಮರೆ ಅಪರೂಪವೂ ಅಲ್ಲ. ವೈದ್ಯರ ಬಾಯಿಂದ ಬರುವ ಮಾತು ಏನೆಂಬುದನ್ನು ಮುಂಚೆಯೇ ಊಹಿಸಿ, ಅದು ಕಿವಿಗೆ ಬೀಳದಿರಲೆಂದು ದೊಡ್ಡವರೂ ಬೆಕ್ಕಿನ ವಿಷಯವನ್ನು ನುಂಗಿಕೊಂಡು ‘ಹವೆ ಸರಿಯಿಲ್ಲ’ ಎನ್ನುತ್ತಾರೆ. ಬೆಂಗಳೂರಿನ ಹವೆಯ ಮೇಲೆ ಇಲ್ಲದ ಅಪವಾದ ಯಾವುದು? ಇನ್ನೊಂದು ಸೇರಿದರೆ ಅದೇನೂ ಬೇಡವೆನ್ನುವುದಿಲ್ಲ.

ವೈದ್ಯೆ ನೇರವಾಗಿಯೇ ಹೇಳಿದರು. ಬೆಕ್ಕಿನಿಂದ ಉಬ್ಬಸ ಬರುವ ಮಗುವಿಗೆ ಎಲ್ಲಕ್ಕಿಂತ ಮೇಲಾದ ಉಪಾಯವೆಂದರೆ ಬೆಕ್ಕಿಗೆ ಬೇರೊಂದು ಒಳ್ಳೆಯ ಮನೆ ನೋಡುವುದು. ಮೂಗಿನ ಬಾಧೆ ಮಾತ್ರವಾಗಿದ್ದರೆ ಬೆಕ್ಕಿನೊಡನೆ ಒಪ್ಪಂದ ಮಾಡಿಕೊಂಡು ಬಾಳಬಹುದು. ಮಂಪರು ತರದ ಮಾತ್ರೆಗಳಿವೆ, ಮೂಗಿಗೆ ಸಿಂಪಡಿಸುವ ಔಷಧವಿದೆ. ಎದೆಗೆ ಇಳಿದ ಮೇಲೆ ಒಪ್ಪಂದದ ಷರತ್ತುಗಳೇ ಬೇರೆ. ಉಬ್ಬಸ ಒಮ್ಮೊಮ್ಮೆ ಪ್ರಾಣಕ್ಕೇ ಬರುತ್ತದೆ.

“ಮನೆಗೆ ಬಂದ ಜೀವ, ಡಾಕ್ಟರಮ್ಮ” ಎಂದರು ಅಜ್ಜಿ.

“ಇದೂ ಮನೆಯ ಜೀವವೇ, ಅಮ್ಮ” ಎಂದು ವೈದ್ಯೆ ಹುಡುಗಿಯ ಕಡೆ ನೋಡಿದರು.

ಕೊನೆಗೆ ಒಂದು ಗಡುವು ಗೊತ್ತಾಯಿತು. ಸಂಕ್ರಾಂತಿಯವರೆಗೆ ಪ್ರಯತ್ನ. ದಿನವೂ ತಪ್ಪದೆ ಇನ್‌ಹೇಲರ್. ದಿನವೂ ಎರಡು ಸಲ ಕೊಳವೆ ಊದಿ ಪುಸ್ತಕದಲ್ಲಿ ಅಂಕಿ ಬರೆಯುವುದು. ಅಷ್ಟರಲ್ಲಿ ರಾತ್ರಿಯ ಕೆಮ್ಮು ನಿಲ್ಲದಿದ್ದರೆ, ಅಥವಾ ನಡುವೆ ಒಮ್ಮೆ ಉಬ್ಬಸ ಬಲವಾಗಿ ಎದ್ದರೂ, ಗುಂಡ ಹೋಗಬೇಕು. ಗೋಣಿಚೀಲದಲ್ಲಲ್ಲ, ನೆಂಟರ ಮನೆಗೆ. ‘ಪಂಪು’ ಎಂಬ ಮಾತು ಕಿವಿಗೆ ಬಿದ್ದೊಡನೆ ಅಜ್ಜಿ ಮತ್ತೊಮ್ಮೆ ಬಾಯಿ ತೆರೆದರು. ಹೆಣ್ಣುಮಗು, ನಾಳೆ ಮದುವೆಯ ಮಾತು ಬಂದಾಗ ಜನ ಏನಂದಾರು, ಅಭ್ಯಾಸವಾಗಿಬಿಟ್ಟರೆ ಗತಿಯೇನು? ಈ ಭಯ ವಿದ್ಯಾವಂತರ ಮನೆಗಳಲ್ಲಿಯೂ ಬೇಕಾದಷ್ಟಿದೆ; ಮಾತ್ರೆ ನುಂಗಿದರೆ ಕಾಣುವುದಿಲ್ಲ, ಇನ್‌ಹೇಲರ್ ಕಾಣುತ್ತದೆ ಎಂಬುದಷ್ಟೇ ಅದರ ಬುಡ. ಇನ್‌ಹೇಲರಿನ ಔಷಧ ಮೈಕ್ರೋಗ್ರಾಮುಗಳ ಲೆಕ್ಕದ್ದು, ಬೇಕಾದ ಕಡೆಗೇ ಹೋಗುವಂಥದು, ಚಟ ಹಿಡಿಸುವಂಥದಲ್ಲ. ಕನ್ನಡಕ ಹಾಕಿಕೊಂಡ ಹುಡುಗಿಗೆ ವರ ಸಿಗುವ ಕಾಲದಲ್ಲಿ ಇನ್‌ಹೇಲರಿಗೆ ಅಂಜಬೇಕಾದುದೇಕೋ!

ಮನೆಗೆ ಬಂದ ಮೇಲೆ ವೈದ್ಯೆ ಬರೆದುಕೊಟ್ಟ ನಿಯಮಗಳನ್ನು ಉಪಾಧ್ಯಾಯಿನಿಯವರು ಗಟ್ಟಿಯಾಗಿ ಓದಿದರು. ಮಗಳ ಮಲಗುವ ಕೋಣೆಗೆ ಬೆಕ್ಕಿನ ಪ್ರವೇಶ ಕೂಡದು, ಹಗಲಲ್ಲಿಯೂ ಕೂಡದು. ಬೆಕ್ಕನ್ನು ಮುಟ್ಟಿದ ಕೈ ಮುಖಕ್ಕೆ ಹೋಗಬಾರದು, ಕೂಡಲೇ ತೊಳೆಯಬೇಕು. ಬೆಕ್ಕನ್ನು ಮಡಿಲಿನಲ್ಲಿ ಕೂರಿಸಿಕೊಂಡವರು ಬಟ್ಟೆ ಬದಲಾಯಿಸದೆ ಆ ಕೋಣೆಗೆ ಹೋಗಬಾರದು. ಹಾಸಿಗೆಗೆ ಒತ್ತಾದ ನೆಯ್ಗೆಯ ಹೊದಿಕೆ, ಗೋದಡಿಗೆ ವಾರಕ್ಕೊಮ್ಮೆ ಬಿಸಿನೀರು. ಕೇಳುತ್ತ ಕೇಳುತ್ತ ಅಜ್ಜಿಯ ಮುಖ ಅರಳಿತು.

“ಇದು ಮಡಿ ಅಲ್ಲವೇನೇ?” ಎಂದರು.

ಅವರ ಅತ್ತೆಯ ಕಾಲದ ಮಡಿ ಹೀಗೆಯೇ ಇದ್ದಿತು. ಇಂಥವರು ಇಂಥ ಕೋಣೆಗೆ ಬರಬಾರದು, ಇಂಥದನ್ನು ಮುಟ್ಟಿದ ಬಟ್ಟೆಯಲ್ಲಿ ಇಂಥದನ್ನು ಮುಟ್ಟಬಾರದು. ಹಾಗೆಂದು, ಪೂರ್ವಿಕರಿಗೆ ಫೆಲ್ ಡಿ ೧ ಗೊತ್ತಿದ್ದಿತೆಂದು ಯಾರೂ ಎದೆ ತಟ್ಟಿಕೊಳ್ಳಬೇಕಾಗಿಲ್ಲ. ಶ್ರಾದ್ಧದ ದಿನ ಬೆಕ್ಕು ಹಾಲಿಗೆ ಬಾಯಿ ಹಾಕೀತೆಂದು ತಂದೆ ಅದನ್ನು ಬುಟ್ಟಿಯ ಕೆಳಗೆ ಮುಚ್ಚಿಟ್ಟರೆ, ಮಗನು ತನ್ನ ಕಾಲದಲ್ಲಿ ಶ್ರಾದ್ಧಕ್ಕೆ ಬೆಕ್ಕು ಬೇಕೆಂದು ಊರಲ್ಲೆಲ್ಲ ಹುಡುಕಿ ತಂದು ಬುಟ್ಟಿ ಮುಚ್ಚಿದನಂತೆ. ಕಾರಣ ಮರೆತ ಆಚಾರದ ಪಾಡು ಅದು. ಇಲ್ಲಿ ಕಾರಣ ಗೊತ್ತಿತ್ತು, ಆಚಾರ ಬೇಕಾಗಿತ್ತು. ಎಪ್ಪತ್ತು ವರ್ಷ ಮಡಿಯಲ್ಲಿ ಪಳಗಿದ ಕಣ್ಣಿಗೆ ಆ ಮನೆಯಲ್ಲಿ ಬೇರೆ ಸಾಟಿ ಇರಲಿಲ್ಲ. ಆ ದಿನದಿಂದ ಮೊಮ್ಮಗಳ ಕೋಣೆ ದೇವರ ಮನೆಗಿಂತ ಹೆಚ್ಚಿನ ಮಡಿಗೆ ಬಂದಿತು. ಮಗನು ಒಮ್ಮೆ ಗುಂಡನನ್ನು ತಟ್ಟಿ ಅದೇ ಪಂಚೆಯಲ್ಲಿ ಆ ಬಾಗಿಲು ದಾಟಲು ಹೋಗಿ, ಐವತ್ತರ ವಯಸ್ಸಿನಲ್ಲಿ ತಾಯಿಯಿಂದ ಬೈಸಿಕೊಂಡರು.

ನೆಲದ ವಿಷಯದಲ್ಲಿ ಆ ಮನೆಯವರು ಪುಣ್ಯವಂತರು. ಕೆಂಪು ಗಾರೆಯ ಹಳೆಯ ನೆಲ, ರತ್ನಗಂಬಳಿಯ ಹಂಗಿಲ್ಲ. ನೆಲವೆಲ್ಲ ಗಂಬಳಿ ಹಾಸಿದ ಚಳಿದೇಶದ ಮನೆಗಳಲ್ಲಿ ಬೆಕ್ಕಿನ ಕಣಗಳು ಅದರಲ್ಲಿ ಬೇರೂರುತ್ತವೆ. ಇಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದರೆ ಬಹುಮಟ್ಟಿಗೆ ಬಂದುಬಿಡುತ್ತವೆ. ಪೊರಕೆಯದೇ ಅಪಾಯ. ಒಣ ನೆಲವನ್ನು ಗುಡಿಸಿದರೆ ಕುಳಿತದ್ದೆಲ್ಲ ಎದ್ದು ಮೂಗಿಗೆ ಬರುತ್ತದೆ. ಮಗು ಶಾಲೆಗೆ ಹೋದ ಮೇಲೆ ಗುಡಿಸಿ, ಕೂಡಲೇ ಒರೆಸುವುದೆಂದಾಯಿತು. ಗಾಳಿ ಶೋಧಿಸುವ ಯಂತ್ರಗಳೂ ಇವೆ. ಕೋಣೆಯ ಬಾಗಿಲು ತೆರೆದೇ ಇಟ್ಟು ಯಂತ್ರ ಕೊಂಡರೆ ದುಡ್ಡು ದಂಡ.

ಗುಂಡನಿಗೆ ಸ್ನಾನ ಮಾಡಿಸುವ ಪ್ರಯೋಗ ಒಂದೇ ಸಲ ನಡೆಯಿತು. ಯಜಮಾನರ ಮುಂಗೈ ಮೇಲಿನ ಗೆರೆಗಳು ಮಾಯುವುದಕ್ಕೆ ಹತ್ತು ದಿನ ಹಿಡಿಯಿತು. ಸ್ನಾನದಿಂದ ಬೆಕ್ಕಿನ ಮೈಮೇಲಿನ ಪ್ರೋಟೀನು ಇಳಿಯುವುದು ನಿಜ. ಆದರೆ ಒಂದು ವಾರದೊಳಗೆ ಮೊದಲಿನಂತೆಯೇ ಏರುತ್ತದೆ. ಅದಕ್ಕಿಂತ ಫಲಕಾರಿಯಾದುದು ಇನ್ನೊಂದು. ಬೀಜ ತೆಗೆಯದ ಗಂಡು ಬೆಕ್ಕುಗಳಲ್ಲಿ ಈ ಪ್ರೋಟೀನಿನ ಉತ್ಪತ್ತಿ ಹೆಚ್ಚು; ತೆಗೆಸಿದ ಮೇಲೆ ಇಳಿಯುತ್ತದೆ. ಪಶುವೈದ್ಯರಲ್ಲಿಗೆ ಗುಂಡನನ್ನು ಕರೆದೊಯ್ಯುವ ಮಾತು ಬಂದಾಗ, ಮೂರು ವರ್ಷ ಅದರ ಮೇಲೆ ಸುಳ್ಳು ದೂರು ಹೇಳಿದ್ದ ಯಜಮಾನರೇ ಗಂಡುಜಾತಿಯ ಪರವಾಗಿ ವಕಾಲತ್ತು ವಹಿಸಿದರು. ವಕಾಲತ್ತು ಬಿದ್ದುಹೋಯಿತು.

ಮೊಟ್ಟೆಯ ಉಪಾಯವೂ ಒಂದು ಹೊಸದಾಗಿ ಬಂದಿದೆ. ಈ ಪ್ರೋಟೀನಿಗೆ ಎದುರಾದ ಪ್ರತಿವಸ್ತು ಕೋಳಿಯ ಮೊಟ್ಟೆಯಲ್ಲಿ ದೊರೆಯುವಂತೆ ಮಾಡಿ, ಅದನ್ನು ಬೆಕ್ಕಿನ ಆಹಾರಕ್ಕೆ ಸೇರಿಸುತ್ತಾರೆ. ಬೆಕ್ಕು ತಿಂದಾಗ ಅದು ಎಂಜಲಿನಲ್ಲಿಯೇ ಪ್ರೋಟೀನನ್ನು ಕಟ್ಟಿಹಾಕುತ್ತದೆ. ೨೦೧೯ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮೂರನೆಯ ವಾರದಿಂದ ಬೆಕ್ಕಿನ ಕೂದಲಿನ ಮೇಲಿನ ಸಕ್ರಿಯ ಪ್ರೋಟೀನು ಸರಾಸರಿ ನೂರಕ್ಕೆ ೪೭ರಷ್ಟು ಕಡಿಮೆಯಾಗಿತ್ತು. ಅರ್ಧ ಇಳಿದರೂ ಅರ್ಧ ಉಳಿಯಿತಲ್ಲವೆ? ಅದೂ ಅಲ್ಲದೆ ಅಜ್ಜಿಯ ಅಡುಗೆಮನೆಯ ಸರಹದ್ದಿನಲ್ಲಿ ಮೊಟ್ಟೆಯ ಮಾತೆತ್ತುವ ಧೈರ್ಯ ಯಾರಿಗೂ ಬರಲಿಲ್ಲ. ಇನ್ನು, ಅಲರ್ಜಿಯ ವಸ್ತುವನ್ನೇ ಕಿಂಚಿತ್ ಕಿಂಚಿತ್ತಾಗಿ ಚುಚ್ಚಿ ದೇಹವನ್ನು ಪಳಗಿಸುವ ಚಿಕಿತ್ಸೆ. ಲಂಡನ್ನಿನ ಲಿಯೊನಾರ್ಡ್ ನೂನ್ ೧೯೧೧ರಲ್ಲಿ ಹುಲ್ಲಿನ ಪರಾಗದಿಂದ ಅದನ್ನು ಆರಂಭಿಸಿದ. ಬೆಕ್ಕಿಗೂ ಅದು ಉಂಟು. ಮೂರರಿಂದ ಐದು ವರ್ಷ ಹಿಡಿಯುತ್ತದೆ. ಉಬ್ಬಸ ಹತೋಟಿಗೆ ಬರುವ ಮೊದಲು ಅದನ್ನು ಆರಂಭಿಸುವಂತಿಲ್ಲ.

ಬೆಕ್ಕಿನೊಡನೆ ಇದ್ದು ಇದ್ದು ಒಗ್ಗಿಹೋಗುತ್ತದೆ ಎಂಬ ಮಾತಿನಲ್ಲಿಯೂ ಅಷ್ಟಿಷ್ಟು ಸತ್ಯವಿದೆ. ಬೆಕ್ಕಿನ ದಟ್ಟ ಸಹವಾಸದಲ್ಲಿ ಬೆಳೆದ ಕೆಲವು ಮಕ್ಕಳ ದೇಹ ಅದನ್ನು ಸಹಿಸುವುದನ್ನೇ ಕಲಿಯುತ್ತದೆ. ಹಾಸ್ಟೆಲಿನಲ್ಲಿ ಓದುವ ಹುಡುಗರು ರಜೆಗೆ ಊರಿಗೆ ಬಂದೊಡನೆ, ಹಿಂದೆ ಏನೂ ಮಾಡದಿದ್ದ ಮನೆಯ ಬೆಕ್ಕಿಗೆ ಸೀನಲಾರಂಭಿಸುವುದೂ ಉಂಟು. ಆದರೆ ಯಾರ ದೇಹ ಒಗ್ಗಿಕೊಂಡೀತು, ಯಾರದು ಹಟ ಹಿಡಿದೀತು ಎಂದು ಮುಂದಾಗಿ ಹೇಳಬಲ್ಲವರಿಲ್ಲ. ರಾತ್ರಿ ಎದ್ದು ಕುಳಿತು ದಿಂಬು ಕಚ್ಚುವ ಮಗುವಿನ ಮೇಲೆ ಆ ಜೂಜಾಡುವುದು ಸಲ್ಲದು.

ಆಶ್ವೀಜ ಮುಗಿಯುವ ವೇಳೆಗೆ ಪುಸ್ತಕದ ಅಂಕಿಗಳು ಮೆಲ್ಲಮೆಲ್ಲನೆ ಏರಿದ್ದವು. ೨೧೦, ೨೪೦, ೨೭೦, ೨೯೦. ಗುಂಡನ ಹಾಸಿಗೆ ಅಜ್ಜಿಯ ಕೋಣೆಯ ಹಿಂದಿನ ಜಗಲಿಗೆ ವರ್ಗವಾಗಿದ್ದಿತು. ಹುಡುಗಿ ಸಂಜೆ ಜಗಲಿಯ ಮೆಟ್ಟಿಲ ಮೇಲೆ, ಬಯಲುಗಾಳಿಯಲ್ಲಿ ಕುಳಿತು ಒಂದು ಹಳೆಯ ಟೇಪಿನ ತುಣುಕನ್ನು ಎಳೆದಾಡಿ ಅದನ್ನು ಕುಣಿಸುತ್ತಿದ್ದಳು. ಬಳಿಕ ನಲ್ಲಿಯಲ್ಲಿ ಕೈ ತೊಳೆದು ಬಟ್ಟೆ ಬದಲಾಯಿಸಿ ಒಳಗೆ ಹೋಗುತ್ತಿದ್ದಳು. ಕೋಣೆಯ ಕಿಟಕಿಯ ಹೊರಗೆ ನಿಂತು ಗುಂಡ ಕೂಗಿದ ರಾತ್ರಿಗಳಲ್ಲಿ ಯಾರು ಹೆಚ್ಚು ನೊಂದರೆಂಬುದನ್ನು ಪುಸ್ತಕ ಹೇಳುವುದಿಲ್ಲ. ಅದರಲ್ಲಿ ಅಂಕಿಗಳು ಮಾತ್ರ.

ದೀಪಾವಳಿಯ ಎರಡನೆಯ ರಾತ್ರಿ ಬೀದಿಯಲ್ಲಿ ಆಟಂಬಾಂಬುಗಳ ಸದ್ದು ನಡುರಾತ್ರಿ ಮೀರಿದರೂ ನಿಲ್ಲಲಿಲ್ಲ. ಮರುದಿನ ಬೆಳಗ್ಗೆ ಉಪಾಧ್ಯಾಯಿನಿಯವರು ಎಂದಿನಂತೆ ಮಗಳ ಪುಸ್ತಕ ತೆರೆದು ನೋಡಿದರು. ಅಂಕಿ ೨೨೫ಕ್ಕೆ ಇಳಿದಿದ್ದಿತು. ಪಟಾಕಿಯ ಹೊಗೆ ಎಂದುಕೊಂಡು ಪುಟ ಮುಚ್ಚಲಿದ್ದಾಗ ಅಂಕಿಯ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದ ಸಣ್ಣ ಸಾಲು ಕಣ್ಣಿಗೆ ಬಿದ್ದಿತು: ‘ರಾತ್ರಿ ಗುಂಡ ಹೆದರಿ ಅಳುತ್ತಿತ್ತು. ಬಾಗಿಲು ತೆಗೆದೆ. ಗೋದಡಿಯೊಳಗೆ ಇತ್ತು. ಎರಡು ಗಂಟೆಗೆ ಕೆಮ್ಮು ಬಂತು, ಪಂಪು ತೆಗೆದುಕೊಂಡೆ.’

ಯಾರೂ ಕೇಳದಿದ್ದರೂ ಬರೆದಿದ್ದಳು. ತಾಯಿ ಆ ಸಾಲನ್ನು ಎರಡು ಸಲ ಓದಿದರು. ಬಳಿಕ ಗೋದಡಿಯನ್ನು ಎತ್ತಿಕೊಂಡು ಒಗೆಯುವ ಕಲ್ಲಿನ ಕಡೆಗೆ ಹೋಗಿ, ಹಂಡೆಯ ಕೆಳಗೆ ಸೌದೆ ಸರಿಮಾಡಿದರು. ಮಗಳು ಬಾಗಿಲ ಬಳಿ ನಿಂತಿದ್ದಳು.

“ಇದನ್ನು ಡಾಕ್ಟರಿಗೆ ತೋರಿಸಲೇಬೇಕೇ, ಅಮ್ಮ?”

“ತೋರಿಸಬೇಕು.”

ಜಗಲಿಯಲ್ಲಿ ಯಜಮಾನರು ಪತ್ರಿಕೆ ಬಿಡಿಸಿ ಕುಳಿತು ಒಂದರ ಮೇಲೊಂದು ಏಳು ಸೀನು ಸೀನಿದರು. ಅವರ ಮಡಿಲಲ್ಲಿದ್ದ ಗುಂಡ ಒಂದು ಕಿವಿಯನ್ನು ಮಾತ್ರ ಆಚೆಗೆ ತಿರುಗಿಸಿತು.